ಯಾರ ದನಿಯಲ್ಲಿ ಓದಲಿ? ಕಣ್ಣು ಕಾಣದವರ ಫೋನು ಕನ್ನಡ ಕಲಿತ ಕತೆ

[ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಆಡುಮಾತನ್ನು ಬಹುಪಾಲು ಹಾಗೇ ಉಳಿಸಿಕೊಳ್ಳಲಾಗಿದೆ.]

ಇವತ್ತಿನ ಮಾತು ಶುರು ಮಾಡೋ ಮುಂಚೆ ನಿಮಗೊಂದು ಸದ್ದು ಕೇಳಿಸ್ತೀನಿ. ಎಂಟು ಸೆಕೆಂಡು ಅಷ್ಟೇ.

[ಫೋನಿನ ದನಿ, ತುಂಬಾ ವೇಗವಾಗಿ]

ಏನಾದ್ರೂ ತಿಳೀತಾ? ನನಗೂ ಮೊದಲ ಸಲ ತಿಳೀಲಿಲ್ಲ. ತಗಡಿನ ಮೇಲೆ ಜೋಳ ಸುರಿದ ಹಾಗೆ ಕೇಳಿಸಿತ್ತು. ಶಹಾಪುರದ ಬಸ್ ನಿಲ್ದಾಣದಲ್ಲಿ ಗೆಳೆಯನೊಬ್ಬನ ಜೊತೆ ಸುರಪುರದ ಬಸ್ಸಿಗೆ ಕಾಯ್ತಾ ಕೂತಿದ್ದೆ. ಅವನಿಗೆ ಹುಟ್ಟಿನಿಂದ ಕಣ್ಣು ಕಾಣೋದಿಲ್ಲ. ಫೋನನ್ನ ಕಿವಿಗೆ ಒತ್ತಿಕೊಂಡು ಬೆರಳಾಡಿಸ್ತಾ ಇದ್ದ. "ಏನಪ್ಪಾ ಅದು, ಫೋನ್ ಕೆಟ್ಟದೇನು?" ಅಂದೆ. ನಕ್ಕ. "ಕೆಟ್ಟಿಲ್ಲೋ. ಬ್ಯಾಂಕಿನ ಮೆಸೇಜ್ ಓದ್ಲತ್ತೀನಿ. ಈ ತಿಂಗಳ ಕಂತು ಕಟ್ ಆಗ್ಯಾದ" ಅಂದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದ. "ಭಾಳ ವರ್ಷ ಇಂಥ ಮೆಸೇಜ್ ನನ್ನ ಅಳಿಯ ಓದಿ ಹೇಳ್ತಿದ್ದ. ನನ್ನ ಸಾಲ ಎಷ್ಟದ ಅಂತ ನನಗಿಂತ ಮೊದಲ ಓಣಿಗೆಲ್ಲ ಗೊತ್ತಾಗ್ತಿತ್ತು."

ಆ ತಗಡಿನ ದನಿಯ ಬಗ್ಗೇನೇ ಇವತ್ತಿನ ಸಂಚಿಕೆ. ಅದು ಎಲ್ಲಿಂದ ಬಂತು, ಕನ್ನಡ ಯಾವಾಗ ಕಲೀತು, ಇಂಪಾದ ದನಿ ಕೈಗೆ ಸಿಕ್ಕ ಮೇಲೂ ಜನ ಅದನ್ನೇ ಯಾಕೆ ಇಟ್ಕೊಳ್ತಾರೆ.

ಯಂತ್ರಕ್ಕೆ ಹೋಗೋ ಮೊದಲು ನಮ್ಮ ಸೀಮೆಯ ಒಂದು ಹಳೇ ಸಂಗತಿ ಹೇಳಲೇಬೇಕು. ಯಾದಗಿರಿ, ಶಹಾಪುರ, ಸುರಪುರದ ಕಡೆ ಕಾಗದ "ಓದಿಸಿಕೊಳ್ಳೋದು" ಕಣ್ಣು ಕಾಣದವರ ಪಾಡು ಮಾತ್ರ ಆಗಿರಲಿಲ್ಲ. 1857-58ರ ಬಂಡಾಯದಲ್ಲಿ ಸುರಪುರ ಸಂಸ್ಥಾನ ತನ್ನ ರಾಜಾ ವೆಂಕಟಪ್ಪ ನಾಯಕನನ್ನ ಕಳ್ಕೊಂಡಿತು. 1860ರಲ್ಲಿ ಬ್ರಿಟಿಷರು ಆ ಸೀಮೆಯನ್ನ ನಿಜಾಮನಿಗೆ ಒಪ್ಪಿಸಿದರು. ನಿಜಾಮನ ಕಚೇರಿ ಭಾಷೆ ಮೊದಲು ಫಾರ್ಸಿ, 1880ರ ದಶಕದಿಂದ ಉರ್ದು. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡ ಆಡುವ ರೈತನ ಜಮೀನಿನ ಕಾಗದ ಮಾತ್ರ ಬೇರೆ ಭಾಷೆ, ಬೇರೆ ಲಿಪಿ. ಕಣ್ಣು ನೆಟ್ಟಗಿದ್ರೂ, ಕನ್ನಡದ ಅಕ್ಷರ ಬಂದ್ರೂ, ತನ್ನ ಕಾಗದ ತಾನು ಓದೋ ಹಾಗಿಲ್ಲ. ಉರ್ದು ಬಲ್ಲ ಯಾರನ್ನೋ ಹುಡುಕಬೇಕು. ಅವರು ಬಾಯಿಬಿಟ್ಟು ಹೇಳಿದ್ದೇ ಆ ಕಾಗದದಲ್ಲಿರೋದು. ಒಂದು ಸಾಲು ಬಿಟ್ಟರೆ ಕೇಳೋರಿಲ್ಲ, ಒಂದು ಸೇರಿಸಿದರೂ ಕೇಳೋರಿಲ್ಲ.

1948ರ ಸೆಪ್ಟೆಂಬರ್‌ನಲ್ಲಿ ನಿಜಾಮನ ಆಳ್ವಿಕೆ ಮುಗೀತು, 1956ರ ನವೆಂಬರ್ 1ಕ್ಕೆ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಕಾಗದ ಕನ್ನಡಕ್ಕೆ ಬಂತು. ಆದರೆ ಓದಿಸಿಕೊಳ್ಳೋ ಪಾಡು ಪೂರ್ತಿ ಹೋಗಲಿಲ್ಲ. ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆ ಆಗಿದ್ದು 2009ರ ಡಿಸೆಂಬರ್‌ನಲ್ಲಿ. ಅದಾದ ಮೇಲಿನ ಮೊದಲ ಜನಗಣತಿ, ಅಂದ್ರೆ 2011ರದ್ದು, ಸಾಕ್ಷರತೆಯಲ್ಲಿ ಈ ಜಿಲ್ಲೆಯನ್ನ ರಾಜ್ಯದಲ್ಲೇ ಕೊನೆಗೆ ನಿಲ್ಲಿಸಿತು. ಸುಮಾರು ಶೇ. 52. ಇಬ್ಬರಲ್ಲಿ ಒಬ್ಬರಿಗೆ ಹತ್ತಿರಹತ್ತಿರ, ಓದೋದು ಅಂದ್ರೆ ಇನ್ನೊಬ್ಬರ ಬಾಯಿಂದ ಕೇಳೋದು. ಇದನ್ನ ನೆನಪಲ್ಲಿ ಇಟ್ಕೊಳ್ರಿ, ಕತೆಯ ನಡುವೆ ಮತ್ತೆ ಬರುತ್ತೆ.

ಇನ್ನು ಕಣ್ಣು ಕಾಣದವರು. ಉತ್ತರ ಕರ್ನಾಟಕದಲ್ಲಿ ಕುರುಡು ಹುಡುಗ ಹುಟ್ಟಿದರೆ ಮನೆಯವರ ಬಾಯಲ್ಲಿ ಮೊದಲು ಬರ್ತಿದ್ದ ಹೆಸರು ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳಿಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಇಬ್ಬರೂ ಸಾವಿರಾರು ಮಕ್ಕಳಿಗೆ ಹಾಡು, ತಬಲಾ, ಪೇಟಿ ಕಲಿಸಿ ಬದುಕು ಕೊಟ್ಟರು. ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಸಂಗೀತ ಒಲಿಯದ ಹುಡುಗನಿಗೆ? ಲೆಕ್ಕ ಓದಬೇಕು, ಕಾನೂನು ಓದಬೇಕು ಅನ್ನೋನಿಗೆ? ಅವನಿಗೆ ಇದ್ದದ್ದು ಬ್ರೈಲ್. ಭಾರತದ ಭಾಷೆಗಳಿಗೆಲ್ಲ ಒಂದೇ ಚೌಕಟ್ಟಿನ ಭಾರತಿ ಬ್ರೈಲ್ ಒಪ್ಪಿಗೆ ಆಗಿದ್ದು 1951ರಲ್ಲಿ. ಬ್ರೈಲ್ ಕಲಿತವನಿಗೆ ಕಾಗುಣಿತ, ಒತ್ತು, ಅಲ್ಪವಿರಾಮ ಎಲ್ಲ ಬೆರಳಿಗೇ ಸಿಗುತ್ತೆ, ನಡುವೆ ಯಾರೂ ಇಲ್ಲ. ತೊಂದರೆ ಅಂದ್ರೆ ಗಾತ್ರ. ನಾವು ಕೈಚೀಲದಲ್ಲಿ ಇಟ್ಕೊಂಡು ಹೋಗೋ ಒಂದು ಪಠ್ಯಪುಸ್ತಕ ಬ್ರೈಲ್‌ನಲ್ಲಿ ಹಲವು ದಪ್ಪ ಸಂಪುಟ ಆಗುತ್ತೆ. ಕೆಂಭಾವಿಯ ಹುಡುಗನಿಗೆ ಅದು ತಲುಪೋ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತೆ.

ಆಮೇಲೆ ಬಂತು ಕ್ಯಾಸೆಟ್. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆಯನ್ನ ಮಧು ಸಿಂಘಾಲ್ 1990ರಲ್ಲಿ ಶುರು ಮಾಡಿದರು. ಅವರಿಗೂ ಕಣ್ಣು ಕಾಣೋದಿಲ್ಲ. ಅಲ್ಲಿಯ ಮಾತಾಡುವ ಪುಸ್ತಕಗಳ ಗ್ರಂಥಾಲಯಕ್ಕೆ ಸ್ವಯಂಸೇವಕರು ಕೂತು ಕನ್ನಡ ಪುಸ್ತಕ ಓದಿ ಮುದ್ರಿಸಿ ಕೊಟ್ಟರು. ಮನುಷ್ಯರ ದನಿ, ಭಾವ ತುಂಬಿದ ಓದು. ಕತೆ, ಕಾದಂಬರಿಗೆ ಅದರಷ್ಟು ಚಂದ ಯಾವುದೂ ಇಲ್ಲ. ಆದರೆ ಕ್ಯಾಸೆಟ್ಟಿನಲ್ಲಿ 114ನೇ ಪುಟಕ್ಕೆ ಹಾರೋಕೆ ಆಗಲ್ಲ. "ಈ ಪದದಲ್ಲಿ ಇರೋದು ಲ ಕಾರವೋ ಳ ಕಾರವೋ" ಅಂತ ಕ್ಯಾಸೆಟ್ಟನ್ನ ಕೇಳೋಕೆ ಆಗಲ್ಲ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಮನೆಗೆ ಇವತ್ತು ಬಂದ ಪತ್ರವನ್ನ ಯಾವ ಸ್ವಯಂಸೇವಕರೂ ಮುದ್ರಿಸಿ ಇಟ್ಟಿರೋದಿಲ್ಲ.

ಇಲ್ಲಿಂದ ಯಂತ್ರದ ಕತೆ. ಇದು ನಮ್ಮೂರಿಂದ ಬಹಳ ದೂರದಲ್ಲಿ ಶುರುವಾಗುತ್ತೆ, ಬೇಗ ಬೇಗ ದಾಟಿಬಿಡೋಣ. 1791ರಲ್ಲಿ ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಅನ್ನೋರು ತಿದಿ, ಚರ್ಮದ ಕೊಳವೆಗಳಿಂದ ಮಾತಾಡಿಸುವ ಯಂತ್ರ ಕಟ್ಟಿದ ಬಗೆಯನ್ನ ಪುಸ್ತಕವಾಗಿ ಬರೆದರು. 1939ರ ನ್ಯೂಯಾರ್ಕ್ ಮೇಳದಲ್ಲಿ ಹೋಮರ್ ಡಡ್ಲಿಯ ವೋಡರ್ ಬಂತು. ಹಾರ್ಮೋನಿಯಂ ಬಾರಿಸಿದ ಹಾಗೆ ಕೀಲಿ ಒತ್ತಿ, ಕಾಲಲ್ಲಿ ಪೆಡಲ್ ತುಳಿದು ಹೆಣ್ಣುಮಕ್ಕಳು ಅದರಿಂದ ಮಾತು ಹೊರಡಿಸ್ತಿದ್ರು. ಇವೆಲ್ಲ ಜನರನ್ನ ಬೆರಗುಗೊಳಿಸೋಕೆ. ಕಣ್ಣು ಕಾಣದವರ ಕೈಗೆ ನಿಜವಾಗಿ ಸಿಕ್ಕ ಓದುವ ಯಂತ್ರ 1976ರದ್ದು, ರೇ ಕರ್ಜ್‌ವೈಲ್ ಮಾಡಿದ್ದು. ಅಚ್ಚಾದ ಪುಟವನ್ನ ಅದರ ಗಾಜಿನ ಮೇಲೆ ಇಟ್ಟರೆ ಅಕ್ಷರ ಗುರುತಿಸಿ ಗಟ್ಟಿಯಾಗಿ ಓದೋದು. ಹಾಡುಗಾರ ಸ್ಟೀವಿ ವಂಡರ್ ಅದನ್ನ ಮೊದಮೊದಲು ಕೊಂಡವರಲ್ಲಿ ಒಬ್ಬರು. ಅಡುಗೆಮನೆ ಕಪಾಟಿನಷ್ಟು ಜಾಗ ಬೇಡ್ತಿದ್ದ ಯಂತ್ರ ಅದು, ಓದ್ತಿದ್ದದ್ದು ಇಂಗ್ಲಿಷ್ ಮಾತ್ರ.

ದನಿಯ ವಿಚಾರಕ್ಕೆ ಬಂದ್ರೆ ನಾನು ಸ್ವಲ್ಪ ನಿಲ್ಲೋದು ಡೆನಿಸ್ ಕ್ಲ್ಯಾಟ್ ಹತ್ತಿರ. ಅಮೆರಿಕದ ಎಂಐಟಿಯ ಸಂಶೋಧಕ. 1980ರ ದಶಕದ ಮೊದಲಲ್ಲಿ ಅವರ ಕೆಲಸದಿಂದ ಡೆಕ್‌ಟಾಕ್ ಅನ್ನೋ ಉಪಕರಣ ಹುಟ್ಟಿತು. ಅದರಲ್ಲಿ ಒಂದಲ್ಲ, ಹಲವು ದನಿ. ಗಂಡಸಿನ ದನಿಗೆ ಪಾಲ್ ಅಂತ ಹೆಸರು, ಅದು ಕ್ಲ್ಯಾಟ್ ತಮ್ಮದೇ ದನಿಯನ್ನ ಅಳತೆ ಮಾಡಿ ರೂಪಿಸಿದ್ದು. ಬೆಟ್ಟಿ ಅನ್ನೋ ಹೆಂಗಸಿನ ದನಿಗೆ ಅವರ ಹೆಂಡತಿಯ ದನಿ, ಕಿಟ್ ಅನ್ನೋ ಮಗುವಿನ ದನಿಗೆ ಮಗಳ ದನಿ ಆಧಾರ. ಇಡೀ ಮನೆ ಆ ಪೆಟ್ಟಿಗೆಯೊಳಗೆ! ಯಂತ್ರಕ್ಕೆ ಮಾತು ಕಲಿಸಿದ ಆ ಮನುಷ್ಯನಿಗೆ ಥೈರಾಯ್ಡ್ ಕ್ಯಾನ್ಸರ್ ಆಯ್ತು, ಅವರ ದನಿಯೇ ಬರ್ತಾ ಬರ್ತಾ ಕುಂದಿತು. 1988ರಲ್ಲಿ ತೀರಿಕೊಂಡರು. ಅವರ ದನಿಯ ನೆರಳು ಮಾತ್ರ ಜಗತ್ತಿಗೆಲ್ಲ ಗೊತ್ತು, ಯಾಕಂದ್ರೆ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಮಾತಾಡ್ತಿದ್ದ ಯಂತ್ರದ ದನಿಯ ಬೇರು ಅಲ್ಲೇ ಇರೋದು. ಹಾಕಿಂಗ್‌ಗೆ ಕಣ್ಣಿನ ತೊಂದರೆ ಇರಲಿಲ್ಲ, ಅವರದು ಮಾತು ನಿಂತ ಕತೆ. ಆದರೂ ಇಲ್ಲಿ ಹೇಳೋಕೆ ಕಾರಣ ಇದೆ. ಮುಂದೆ ಅದಕ್ಕಿಂತ ಸಹಜವಾದ ದನಿಗಳು ಬಂದವು, ಬದಲಾಯಿಸ್ತೀರಾ ಅಂತ ಅವರನ್ನ ಕೇಳಿದ್ರು. ಅವರು ಒಪ್ಪಲಿಲ್ಲ. ಆ ಹೊತ್ತಿಗೆ ಅದು ಅವರದೇ ದನಿ ಆಗಿಬಿಟ್ಟಿತ್ತು.

ಕಣ್ಣು ಕಾಣದವರ ಹಟ ಇದಕ್ಕಿಂತ ಸ್ವಲ್ಪ ಬೇರೆ ತರಹದ್ದು. ಅವರಿಗೆ ಯಂತ್ರದ ದನಿ ತಮ್ಮ ಬಾಯಿ ಅಲ್ಲ, ತಮ್ಮ ಕಣ್ಣು. ನಾವು ಪೇಪರ್ ಓದೋವಾಗ ಅಕ್ಷರದ ಅಚ್ಚು ಎಷ್ಟು ಚಂದ ಅಂತ ನೋಡ್ತಾ ಕೂರೋದಿಲ್ಲ, ಕಣ್ಣು ಸರಸರ ಓಡುತ್ತೆ. ಹಾಗೇ ಅವರ ಕಿವಿಯೂ ಓಡಬೇಕು. ಸಾಮಾನ್ಯ ಮಾತು ನಿಮಿಷಕ್ಕೆ ನೂರೈವತ್ತು ಇಂಗ್ಲಿಷ್ ಪದದ ಆಸುಪಾಸು ಅಂದುಕೊಳ್ಳಿ. ಪಳಗಿದವರು ಅದರ ಎರಡು ಪಟ್ಟು, ಮೂರು ಪಟ್ಟು ವೇಗದಲ್ಲಿ ಕೇಳ್ತಾರೆ. ಈಗ ಮನುಷ್ಯರ ದನಿಯಿಂದ ಕತ್ತರಿಸಿ ಜೋಡಿಸಿದ ಇಂಪಾದ ದನಿಯನ್ನ ಆ ವೇಗಕ್ಕೆ ಓಡಿಸಿ ನೋಡಿ. ವ್ಯಂಜನಗಳು ಒಂದರ ಮೇಲೊಂದು ಬಿದ್ದು ಗಂಜಿ ಆಗುತ್ತೆ. ನಿಯಮದಿಂದ ಹುಟ್ಟಿಸಿದ ತಗಡಿನ ದನಿ ಹಾಗಲ್ಲ. ಅದರಲ್ಲಿ ಪ್ರತಿ ಸ್ವರವನ್ನೂ ಗಣಕವೇ ಆ ಕ್ಷಣಕ್ಕೆ ಲೆಕ್ಕ ಹಾಕಿ ಹೊರಡಿಸೋದು. ಎಷ್ಟು ವೇಗ ಕೊಟ್ಟರೂ ಅಂಚು ಸವೆಯಲ್ಲ. ನೂರು ಸಲ ಕೇಳಿದ್ರೂ ಅದೇ ಪದ ಅದೇ ತರಹ. ಬೆರಳು ಮುಟ್ಟಿದ ತಕ್ಷಣ ಬಾಯಿ ಬಿಡುತ್ತೆ, ಉಸಿರೆಳೆದುಕೊಂಡು ಶುರು ಮಾಡೋದಿಲ್ಲ. ಅರ್ಧ ಸೆಕೆಂಡು ತಡ ನಮಗೆ ಏನೂ ಅಲ್ಲ. ದಿನಕ್ಕೆ ಸಾವಿರ ಸಲ ಬೆರಳು ಸರಿಸೋರಿಗೆ ಅದು ಚಪ್ಪಲಿಯೊಳಗಿನ ಕಲ್ಲು.

ಹೀಗಾಗಿ ಇಂಗ್ಲಿಷಿನಲ್ಲಿ ಎಲೊಕ್ವೆನ್ಸ್ ಅನ್ನೋ ಹಳೇ ದನಿ ಜಾಸ್ ಅನ್ನೋ ತೆರೆ ಓದುವ ತಂತ್ರಾಂಶದ ಜೊತೆ 1990ರ ದಶಕದಿಂದ ಬೆಳೆದು, ಇವತ್ತಿಗೂ ಅನೇಕರ ಮೊದಲ ಆಯ್ಕೆ. ಅದಾದ ಮೇಲೆ ಎಷ್ಟೋ ನಯವಾದ ದನಿಗಳು ಬಂದುಹೋದವು. 2022ರಲ್ಲಿ ಆಪಲ್ ಕಂಪನಿ ಐಫೋನಿಗೆ ಎಲೊಕ್ವೆನ್ಸ್ ಸೇರಿಸಿದಾಗ ಕಣ್ಣಿದ್ದವರಿಗೆ ಸುದ್ದಿಯೇ ಅನಿಸಲಿಲ್ಲ, ಕಣ್ಣು ಕಾಣದವರ ಗುಂಪುಗಳಲ್ಲಿ ಹಬ್ಬ. ಆದರೆ ಒಂದು ಕೊರತೆ. ಎಲೊಕ್ವೆನ್ಸ್‌ಗೆ ಕನ್ನಡ ಬರೋದಿಲ್ಲ.

ಹಾಗಾದ್ರೆ ಕನ್ನಡ ಯಾವ ಯಂತ್ರಕ್ಕೆ ಬಂತು? ಈಗ ಆ ಶೇ. 52ರ ಮಾತು ನೆನಪು ಮಾಡ್ಕೊಳ್ರಿ. ಯಾಕಂದ್ರೆ ಕನ್ನಡದ ಈ ಕತೆಯಲ್ಲಿ ಮೊದಲ ದೊಡ್ಡ ಹೆಜ್ಜೆ ಇಟ್ಟಿದ್ದು ಕಣ್ಣು ಕಾಣದವರಿಗೋಸ್ಕರ ಅಲ್ಲ, ಓದು ಬಾರದವರಿಗೋಸ್ಕರ. 2000ದ ಆಸುಪಾಸು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸಿಂಪ್ಯೂಟರ್ ಅನ್ನೋ ಅಗ್ಗದ ಕೈಗಣಕ ಕಟ್ಟಲು ಹೊರಟರು. ಹಳ್ಳಿಯ ರೈತ, ಅಕ್ಷರ ಬಾರದಿದ್ರೂ, ಅದನ್ನ ಬಳಸಬೇಕು ಅನ್ನೋದು ಆಸೆ. ಅಕ್ಷರ ಬಾರದವನಿಗೆ ಯಂತ್ರ ಮಾತಾಡಲೇಬೇಕಲ್ಲ. ಅದಕ್ಕೆ ಅಲ್ಲಿಯ ರಮೇಶ್ ಹರಿಹರನ್ ಮತ್ತು ಜೊತೆಗಾರರು 'ಧ್ವನಿ' ಅನ್ನೋ ತಂತ್ರಾಂಶ ಮಾಡಿದರು. ದನಿಯ ಪುಟ್ಟ ಪುಟ್ಟ ತುಣುಕುಗಳನ್ನ ಮೊದಲೇ ಮುದ್ರಿಸಿಟ್ಟುಕೊಂಡು, ಅಕ್ಷರಕ್ಕೆ ತಕ್ಕಂತೆ ಹೊಲಿದು ಓದೋದು. ಕನ್ನಡವೂ ಅದರಲ್ಲಿತ್ತು. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ, ಯಾದಗಿರಿಯ ರೈತನ ಕೈಗಂತೂ ಬರಲಿಲ್ಲ. ಧ್ವನಿ ಮಾತ್ರ ಮುಕ್ತ ತಂತ್ರಾಂಶವಾಗಿ ಉಳೀತು, ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನ ಮುಂದೆ ನಡೆಸಿದರು.

ಅದೇ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ತಮಿಳು, ಕನ್ನಡ ಎರಡಕ್ಕೂ ಓದುವ ದನಿ ಕಟ್ಟಿತು. ತಮಿಳಿನದಕ್ಕೆ 'ತಿರುಕ್ಕುರಳ್', ಕನ್ನಡದ್ದಕ್ಕೆ 'ವಾಚಕ' ಅಂತ ಹೆಸರು. ಮದ್ರಾಸ್ ಐಐಟಿಯ ಹೇಮಾ ಮೂರ್ತಿ ಅವರ ಮುಂದಾಳತ್ವದಲ್ಲಿ ಹಲವು ಸಂಸ್ಥೆಗಳು ಸೇರಿ ಭಾರತದ ಭಾಷೆಗಳಿಗೆ ದನಿ ಮಾಡಿದಾಗಲೂ ಕನ್ನಡ ಅದರಲ್ಲಿತ್ತು. ಈ ದನಿಗಳಿಗೆಲ್ಲ ಯಾರೋ ಒಬ್ಬ ಒಳ್ಳೆಯ ಓದುಗ ಸ್ಟುಡಿಯೋದಲ್ಲಿ ಗಂಟೆಗಟ್ಟಲೆ ಕೂತು ಅಚ್ಚುಕಟ್ಟು ವಾಕ್ಯಗಳನ್ನ ಓದಬೇಕಾಗುತ್ತೆ. ಅಚ್ಚುಕಟ್ಟು ಅನ್ನೋ ಈ ಪದದ ಹತ್ತಿರ ಆಮೇಲೆ ಬರ್ತೀನಿ.

ಆದರೆ ಸಾಮಾನ್ಯರ ಕೈಗೆ, ಒಂದು ಪೈಸೆ ಖರ್ಚಿಲ್ಲದೆ ಕನ್ನಡ ತಂದು ಕೊಟ್ಟಿದ್ದು ಇನ್ನೂ ದೂರದವರು. ಜೊನಾಥನ್ ಡಡಿಂಗ್‌ಟನ್ ಅನ್ನೋ ಇಂಗ್ಲೆಂಡಿನ ಮನುಷ್ಯ 1995ರಲ್ಲಿ ತನ್ನ ಏಕಾರ್ನ್ ಗಣಕಕ್ಕೆ ಅಂತ ಒಂದು ಸಣ್ಣ ಮಾತಿನ ತಂತ್ರಾಂಶ ಬರೆದಿದ್ದರು. 2006ರಲ್ಲಿ ಅದು ಇ-ಸ್ಪೀಕ್ ಅಂತ ಎಲ್ಲರಿಗೂ ಮುಕ್ತವಾಯ್ತು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಮೈಕೆಲ್ ಕರ್ರನ್ ಅನ್ನೋ ಕಣ್ಣು ಕಾಣದ ಯುವಕ ಎನ್‌ವಿಡಿಎ ಅನ್ನೋ ತೆರೆ ಓದುವ ತಂತ್ರಾಂಶ ಬರೆಯೋಕೆ ಕೂತ. ಜೇಮ್ಸ್ ಟೇ ಜೊತೆಯಾದ, ಅವನಿಗೂ ಕಣ್ಣು ಕಾಣೋದಿಲ್ಲ. ಆ ಕಾಲಕ್ಕೆ ಜಾಸ್ ಕೊಳ್ಳಬೇಕಂದ್ರೆ ನಮ್ಮ ಹತ್ತಾರು ಸಾವಿರ ರೂಪಾಯಿ. ಎನ್‌ವಿಡಿಎ ಪುಕ್ಕಟೆ. ಅದರ ಹೊಟ್ಟೆಯಲ್ಲೇ ಇ-ಸ್ಪೀಕ್, ಇ-ಸ್ಪೀಕ್‌ನ ಹೊಟ್ಟೆಯಲ್ಲಿ ಕನ್ನಡ. ಒಂದು ಹಳೇ ಕಂಪ್ಯೂಟರ್, ಒಂದು ಪೆನ್‌ಡ್ರೈವ್ ಇದ್ರೆ ಸುರಪುರದ ಹುಡುಗಿಯೂ ಕನ್ನಡ ಓದಬಹುದಾಯ್ತು.

ಆ ಕನ್ನಡ ಹೇಗಿತ್ತು ಅಂತೀರಾ? ಇ-ಸ್ಪೀಕ್‌ನ ಅನೇಕ ಭಾಷೆಗಳು ಆ ಭಾಷೆ ಆಡದವರು ಪುಸ್ತಕ ನೋಡಿ ಬರೆದ ನಿಯಮಗಳಿಂದ ಶುರುವಾದವು, ಆಡುವವರು ಕೇಳಿ ಕೇಳಿ ತಿದ್ದಿಸಬೇಕಿತ್ತು. ಕನ್ನಡಕ್ಕೆ ಒಂದು ಅನುಕೂಲ ಇದೆ. ಬರೆದ ಹಾಗೆ ಓದೋದು, ಓದಿದ ಹಾಗೆ ಬರೆಯೋದು. ಇಂಗ್ಲಿಷಿಗೆ ಬೇಕಾಗುವಷ್ಟು ದೊಡ್ಡ ಉಚ್ಚಾರದ ನಿಘಂಟು ಬೇಕಿಲ್ಲ. ಹಿಂದಿಯ ಹಾಗೆ ಕೊನೆಯ ಅಕಾರ ನುಂಗಬೇಕಿಲ್ಲ, 'ರಾಮ' ನಮ್ಮಲ್ಲಿ 'ರಾಮ'ನೇ. ಹಾಗಾಗಿ ಇ-ಸ್ಪೀಕ್‌ನ ಕನ್ನಡ ತಗಡಿನದಾದ್ರೂ ತಿಳಿಯುವ ಹಾಗಿತ್ತು. ನನಗೆ ಗೊತ್ತಿರೋ ಸುರಪುರದ ಅಕ್ಕ ಒಬ್ಬರು ಶಾಲೆಯಲ್ಲಿ ಪಾಠ ಮಾಡ್ತಾರೆ, ಅವರ ಕಂಪ್ಯೂಟರಿನಲ್ಲಿ ಇವತ್ತಿಗೂ ಅದೇ ದನಿ. "ಮೊದ್ಲ ಮೂರು ದಿನ ತಲಿ ನೋಸ್ತದ್ರಿ. ನಾಲ್ಕನೇ ದಿನ ಅದು ಮಾತಾಡ್ತದ ಅನ್ನೋದೇ ಮರ್ತು ಹೋಗ್ತದ. ಬರೇ ಓದ್ತಿರ್ತೀವಿ" ಅಂದ್ರು.

ಇಷ್ಟೆಲ್ಲ ಆದ ಮೇಲೂ ದನಿ ಎದುರಿಸಿದ ದೊಡ್ಡ ಗೋಡೆ ಯಾವುದು ಗೊತ್ತಾ? ದನಿಯದಲ್ಲ, ಅಕ್ಷರದ್ದು. ನುಡಿ, ಬರಹದಂಥ ತಂತ್ರಾಂಶಗಳಲ್ಲಿ ನಾವು ವರ್ಷಗಟ್ಟಲೆ ಕನ್ನಡ ಟೈಪ್ ಮಾಡಿದ್ವಿ. ಹಳೇ ನುಡಿ ಅಕ್ಷರಗಳಲ್ಲಿ ಕನ್ನಡ ಕಾಣೋದು ತೆರೆಯ ಮೇಲೆ ಮಾತ್ರ. ಕಡತದ ಒಳಗಿರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. 'ಕನ್ನಡ' ಅನ್ನೋ ಮೂರಕ್ಷರದ ಪದ ಅದರೊಳಗೆ ಹೇಗಿರುತ್ತೆ ಅಂದ್ರೆ, ಪಿ, ಆಮೇಲೆ ತಲೆ ಮೇಲೆ ಗೀಟು ಇರೋ ಎ, ಪೌಂಡಿನ ಗುರುತು, ಮತ್ತೆ ಆ ಎ, ಒಂದು ಜರ್ಮನ್ ಅಕ್ಷರ, ಕ್ಯೂ, ಮತ್ತೆ ಎ. ಕಣ್ಣಿಗೆ ಕನ್ನಡ, ಕಿವಿಗೆ ಕಸ. ಯಾವ ದನಿ ಇಟ್ಟರೂ ಅದು ಓದೋದು ಆ ಕಸವನ್ನೇ. 2012ರಲ್ಲಿ ರಾಜ್ಯ ಸರ್ಕಾರ ಯೂನಿಕೋಡನ್ನ ಒಪ್ಪಿತು. ಯೂನಿಕೋಡ್‌ನಲ್ಲಿ ಕ ಅಂದ್ರೆ ಒಳಗೂ ಕ, ಹೊರಗೂ ಕ. ಆದರೆ ಹಳೇ ಅಭ್ಯಾಸ ಸರ್ಕಾರದ ಒಪ್ಪಿಗೆಯಿಂದ ಹೋಗೋದಿಲ್ಲ. ನನ್ನ ಶಹಾಪುರದ ಗೆಳೆಯನಿಗೆ ಒಂದು ಕಚೇರಿಯಿಂದ ಅಂಗವಿಕಲರ ಸೌಲಭ್ಯದ ಸುತ್ತೋಲೆಯೇ ಹಳೇ ನುಡಿಯಲ್ಲಿ ಬಂತು. ಅದನ್ನ ಅವನ ಅಳಿಯನೇ ಓದಬೇಕಾಯ್ತು. ನಿಜಾಮನ ಕಾಲದ ಉರ್ದು ಕಾಗದ ಹಿಡಿದು ನಿಂತ ರೈತ ನನಗೆ ನೆನಪಾದದ್ದು ಆಗಲೇ. ಈ ಸಲ ಕಾಗದ ಕನ್ನಡದ್ದೇ, ಲಿಪಿಯೂ ಕನ್ನಡದ್ದೇ, ಆದರೂ ಓದೋಕೆ ಇನ್ನೊಬ್ಬ ಬೇಕು.

ಫೋನಿಗೆ ಬರೋಣ. ಐಫೋನಿನಲ್ಲಿ ತೆರೆ ಓದುವ ವಾಯ್ಸ್‌ಓವರ್, ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಎರಡೂ ಬಂದಿದ್ದು 2009ರಲ್ಲಿ. ಆಂಡ್ರಾಯ್ಡ್ ಬರೀತಿದ್ದ ಗೂಗಲ್‌ನಲ್ಲಿ ಆಗ ಪುಣೆಯವರಾದ ಟಿ.ವಿ. ರಾಮನ್ ಇದ್ದರು, ಸ್ವತಃ ಕಣ್ಣು ಕಾಣದ ಗಣಕ ವಿಜ್ಞಾನಿ. ನಮ್ಮ ಕಡೆ ಐಫೋನು ಕಡಿಮೆ. 2016ರಲ್ಲಿ ಡೇಟಾ ಅಗ್ಗ ಆದ ಮೇಲೆ ಆಂಡ್ರಾಯ್ಡ್ ಫೋನೇ ಊರೂರಿಗೆ ಬಂತು. ಅದರ ಜೊತೆಗೆ ಗೂಗಲ್‌ನ ಕನ್ನಡ ದನಿ ಬಂತು. ಆಪಲ್ 2022ರಲ್ಲಿ ಕನ್ನಡಕ್ಕೆ 'ಸೌಮ್ಯ' ಅನ್ನೋ ದನಿ ಕೊಟ್ಟಿತು. ಮೈಕ್ರೋಸಾಫ್ಟ್ 'ಸಪ್ನಾ', 'ಗಗನ್' ಅಂತ ಎರಡು ಮಾಡಿತು. ಇವು ಹೊಸ ತಲೆಮಾರಿನವು, ನಿಜವಾದ ಜನರ ಓದನ್ನ ಗಂಟೆಗಟ್ಟಲೆ ಕೇಳಿ ಕಲಿತ ನಯವಾದ ದನಿಗಳು. ಕಲಬುರಗಿ ಆಕಾಶವಾಣಿಯ ವಾರ್ತೆ ಕೇಳಿ ಬೆಳೆದ ಕಿವಿಗೆ ಹಿತ ಅನಿಸುತ್ತೆ.

ಹಿತ ಹೌದು, ಆದರೆ ದಿನದ ಬಳಕೆಗೆ ಬಿಕ್ಕಟ್ಟು ಬೇರೆ. ನಮ್ಮ ಫೋನಿನಲ್ಲಿ ಒಂದೇ ಭಾಷೆ ಎಲ್ಲಿದೆ? ಬ್ಯಾಂಕಿನ ಮೆಸೇಜ್ ಇಂಗ್ಲಿಷ್, ಅಕ್ಕನ ವಾಟ್ಸ್‌ಆಪ್ ಕನ್ನಡ, ಗೆಳೆಯರದ್ದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಈ ಮೂರನೆಯದು ಬಂದಾಗ ಯಾವ ದನಿಯೂ ಸೋಲುತ್ತೆ. 'ಹ್ಯಾಂಗದೀಪಾ' ಅನ್ನೋದನ್ನ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕಳಿಸಿ, ಇಂಗ್ಲಿಷ್ ದನಿ ಅದನ್ನ ಯಾವ ದೇಶದ ಪದ ಮಾಡುತ್ತೋ ಕೇಳಿ. ಸಂಖ್ಯೆ ಇನ್ನೊಂದು ಕಷ್ಟ. 1,50,000 ಅನ್ನೋದನ್ನ ಗೆಳೆಯನ ಹಳೇ ಇಂಗ್ಲಿಷ್ ದನಿ 'ಒಂದು' ಅಂತ ಹೇಳಿ ನಿಂತು, ಆಮೇಲೆ 'ಐವತ್ತು ಸಾವಿರ' ಅಂತಿತ್ತಂತೆ. ಒಂದು ಲಕ್ಷ ನಡುವೆ ಎಲ್ಲೋ ಬಿದ್ದುಹೋಗ್ತಿತ್ತು. ಅದಕ್ಕೆ ಪಳಗಿದವರು ಎರಡು ದನಿ ಇಟ್ಕೊಳ್ತಾರೆ. ಇಂಗ್ಲಿಷಿಗೆ ತಗಡಿನ ವೇಗದ ದನಿ, ಕನ್ನಡಕ್ಕೆ ಇನ್ನೊಂದು. ಕನ್ನಡಕ್ಕೆ ಗಂಡು ದನಿ, ಇಂಗ್ಲಿಷಿಗೆ ಹೆಣ್ಣು ದನಿ ಅಂತ ಇಟ್ಟವರೂ ಇದಾರೆ, ಭಾಷೆ ಬದಲಾಯ್ತು ಅಂತ ಪದ ಮುಗಿಯೋ ಮೊದಲೇ ಗೊತ್ತಾಗಲಿ ಅಂತ. ಇದು ಶೋಕಿ ಅಲ್ರೀ, ನಾವು ಅಕ್ಷರಕ್ಕೆ ಬಣ್ಣ ಹಚ್ಚಿದ ಹಾಗೆ.

ಈಗ ಆ 'ಅಚ್ಚುಕಟ್ಟು' ಅನ್ನೋ ಪದ. ಸ್ಟುಡಿಯೋದಲ್ಲಿ ಓದಿಸೋದು ಪುಸ್ತಕದ ಕನ್ನಡ. ಯಂತ್ರ ಕಲಿಯೋದೂ ಅದನ್ನೇ. ನಮ್ಮ ಸೀಮೆಯ ಮಾತಿನಲ್ಲಿ ಒಂದು ಸ್ವರ ಇದೆ, 'ಹ್ಯಾಂಗ', 'ಮ್ಯಾಲ', 'ಬ್ಯಾಡ' ಅನ್ನೋವಾಗ ಬರೋದು. ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರವೇ ಇಲ್ಲ. ಯ ಒತ್ತು ಕೊಟ್ಟು ದೀರ್ಘ ಹಾಕಿ ಹೇಗೋ ಬರೀತೀವಿ. ಓದುವ ಮನುಷ್ಯನಿಗೆ ಗೊತ್ತಾಗುತ್ತೆ. ಅಕ್ಷರ ನೋಡಿ ಓದುವ ಯಂತ್ರ ಆ ಯಕಾರವನ್ನ ಬಿಡದೆ, ದೀರ್ಘವನ್ನ ಬಿಡದೆ, 'ಮ್‌ಯಾಲ' ಅಂತ ಓದಿಬಿಡುತ್ತೆ. ಅಕ್ಕ ಬರೆದ ಮೆಸೇಜು ಅಕ್ಕನದಾಗಿ ಉಳಿಯಲ್ಲ, ಬೆಂಗಳೂರಿನಿಂದ ಬಂದ ಯಾರೋ ಅಧಿಕಾರಿ ನಮ್ಮ ಮಾತನ್ನ ಅಣಕ ಮಾಡಿದ ಹಾಗಾಗುತ್ತೆ.

ಇದರಲ್ಲಿ ಒಂದು ವಿಚಿತ್ರ ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈಚೆಗೆ ಎರಡು ಯೋಜನೆ ನಡೆದವು. ಒಂದರ ಹೆಸರು ರೆಸ್ಪಿನ್, ಇನ್ನೊಂದು ಸಿಸ್ಪಿನ್. ಎರಡರಲ್ಲೂ ಕನ್ನಡ ಇದೆ. ರೆಸ್ಪಿನ್ ಯಂತ್ರಕ್ಕೆ ಕಿವಿ ಕೊಡೋ ಕೆಲಸ, ಅದಕ್ಕಾಗಿ ಬೇರೆ ಬೇರೆ ಸೀಮೆಯ ಆಡುಮಾತನ್ನ ಹುಡುಕಿ ಹುಡುಕಿ ಸಂಗ್ರಹಿಸಿದರು. ಸಿಸ್ಪಿನ್ ಬಾಯಿ ಕೊಡೋ ಕೆಲಸ, ಅದಕ್ಕೆ ಸ್ಟುಡಿಯೋದ ಓದು. ಅಂದ್ರೆ ನಾಳೆ ಯಂತ್ರಕ್ಕೆ ನಮ್ಮ ಸುರಪುರದ ಮಾತು ತಿಳಿಯಬಹುದು, ತಿರುಗಿ ಅದೇ ಮಾತಲ್ಲಿ ಉತ್ತರ ಕೊಡೋದಕ್ಕೆ ಇನ್ನೂ ಕಾಯಬೇಕು.

ಇದನ್ನ ದೊಡ್ಡ ಅನ್ಯಾಯ ಅಂತ ಹೇಳಿ ಮುಗಿಸೋಣ ಅಂತ ನಾನು ತಯಾರಾಗಿದ್ದೆ. ಶಹಾಪುರದ ಗೆಳೆಯ ಬಿಡಲಿಲ್ಲ. "ಪೇಪರು, ಕೋರ್ಟಿನ ಕಾಗದ, ಬ್ಯಾಂಕಿನದು, ಇವು ನಮ್ಮ ಮಾತಿನಾಗ ಓದಿದ್ರ ನನಗ ಬ್ಯಾಡ" ಅಂದ. ಯಾಕೋ ಅಂದೆ. "ನಮ್ಮಂಗ ಮಾತಾಡಿದ್ರ ಅದು ಓದಿದಂಗ ಆಗಂಗಿಲ್ಲ, ಯಾರೋ ಹೇಳಿದಂಗ ಆಗ್ತದ. ಮತ್ತ ಅಳಿಯ ಬಂದು ಬಾಜೂಕ ಕೂತಂಗ." ಸುರಪುರದ ಅಕ್ಕ ಇದನ್ನ ಒಪ್ಪಲಿಲ್ಲ. ಅವರ ತಾಯಿ ಹುಣಸಗಿಯಲ್ಲಿರ್ತಾರೆ, ಮೊಮ್ಮಗನ ಕೈಲಿ ದಿನಾ ಎರಡು ಸಾಲು ಬರೆಸಿ ಕಳಿಸ್ತಾರೆ. "ಅವ್ವನ ಮಾತು ಮೇಡಂ ಪಾಠ ಮಾಡ್ದಂಗ ಕೇಳಸ್ತದ. ಅದೊಂದಕ್ಕರ ಬ್ಯಾರೆ ದನಿ ಬೇಕ್ರಿ" ಅಂದ್ರು.

ಬಸ್ ಬಂತು. ಹತ್ತಿ ಕೂತ್ವಿ. ಭೀಮರಾಯನಗುಡಿ ದಾಟೋವರೆಗೂ ಅವನು ಫೋನ್ ಕಿವಿಗೆ ಹಿಡಿದೇ ಇದ್ದ. ನನಗೂ ಕೇಳಿಸು ಅಂದೆ. ನನಗೋಸ್ಕರ ವೇಗ ಇಳಿಸಿದ, ಸಾಮಾನ್ಯ ಮಾತಿನಷ್ಟು. ಪತ್ರಿಕೆಯ ಸುದ್ದಿ, ನಾರಾಯಣಪುರ ಕಾಲುವೆಗೆ ನೀರು ಬಿಡೋದರ ಬಗ್ಗೆ. ಪ್ರತಿ ಪದವೂ ಈಗ ನನಗೆ ತಿಳೀತಾ ಇತ್ತು. ಎರಡು ಸಾಲು ಆಗೋದರೊಳಗೆ ಅವನು ತಡೆಯಲಾರದೆ ಫೋನ್ ಕಸಿದುಕೊಂಡ. "ಹಿಂಗ ಓದಿದ್ರ ಸುರಪುರ ಬಂದ್ರೂ ಒಂದು ಸುದ್ದಿ ಮುಗಿಯಂಗಿಲ್ಲ, ತಗೊ" ಅಂತ ಮತ್ತೆ ವೇಗ ಏರಿಸಿದ.

[ಫೋನಿನ ದನಿ, ತುಂಬಾ ವೇಗವಾಗಿ]